ಬಾಣದ ಗುರುತು ಎಲ್ಲಿ ಇಡಬೇಕು?

"ಸರ, ನಮಗ ಗ್ರಾಫಿಕ್ ಡಿಸೈನ್ ಬರ್ತದ, ಊರು-ರಸ್ತಿ ಕೆಲಸಾನೂ ಇಷ್ಟ. ಎರಡೂ ಕೂಡಿಸಿದ್ರ ಹೊಟ್ಟಿ ತುಂಬ್ತದೇನ್ರಿ?" ಕಲಬುರಗಿಯ ಫೈನ್ ಆರ್ಟ್ ಹುಡುಗರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು.

ತುಂಬುತ್ತದೆ. ಈ ಕೆಲಸಕ್ಕೆ ವೇಫೈಂಡಿಂಗ್ ಅನ್ನುತ್ತಾರೆ. ಆಸ್ಪತ್ರೆ, ಕ್ಯಾಂಪಸ್, ಮೆಟ್ರೊ, ಕೋಟೆ, ಹಳೇ ಪೇಟೆ ಎಲ್ಲೇ ಇರಲಿ, ಹೊಸಬರು ಯಾರನ್ನೂ ಕೇಳದೆ ದಾರಿ ಹಿಡಿಯುವ ಹಾಗೆ ಮಾಡಿಕೊಡುವುದು. ಲಂಡನ್ನಿನಲ್ಲಿ 2007ರಲ್ಲಿ ಬಾಂಡ್ ಸ್ಟ್ರೀಟ್ ಸುತ್ತ 'ಲೆಜಿಬಲ್ ಲಂಡನ್' ಶುರುವಾಯಿತು. ಅಲ್ಲಿನ ಕಂಬದ ನಕ್ಷೆಯಲ್ಲಿ ನೀವು ಮುಖ ಮಾಡಿ ನಿಂತ ದಿಕ್ಕೇ ಮೇಲಿರುತ್ತದೆ. ಉತ್ತರ ಯಾವ ಕಡೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಈ ಕೆಲಸದ ಮೊದಲ ಅರ್ಧ ನಗರ ವಿನ್ಯಾಸದ್ದೇ. ಬೀದರನ್ನೇ ನೋಡಿ. ಹಳೇ ಊರಿನ ನಡುವೆ ಚೌಬಾರಾ ಗೋಪುರ ದೂರದಿಂದಲೇ ಕಾಣುತ್ತದೆ. ಅಲ್ಲಿಯವರೆಗೆ ಬೋರ್ಡಿನ ಹಂಗಿಲ್ಲ. ಬುಡಕ್ಕೆ ಬಂದಾಗಲೇ ತೊಂದರೆ. ನಾಲ್ಕು ರಸ್ತೆ, ಯಾವುದು ಕೋಟೆಗೆ, ಮಹಮೂದ್ ಗವಾನನ 1472ರ ಮದರಸಾ ಯಾವ ಕಡೆ? ಬೋರ್ಡು ಬೇಕಾದ್ದು ಅಲ್ಲಿ, ತಿರುಗುವುದಕ್ಕೆ ಸ್ವಲ್ಪ ಮುಂಚೆ. ತಿರುಗಿದ ಮೇಲೆ ಇನ್ನೊಂದು ಚಿಕ್ಕದು, "ಸರಿ ದಾರಿಯಲ್ಲೇ ಇದ್ದೀರಿ" ಅನ್ನುವುದಕ್ಕೆ. ಇದನ್ನು ನಿರ್ಧರಿಸಲು ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಆಟೋದವರನ್ನು ಕೇಳುತ್ತಾರೆ ಅಂತ ನೋಡುತ್ತಾ ಅಡ್ಡಾಡಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನ ಜನ ನೆರಳಿರುವ ಬದಿಯಲ್ಲೇ ನಡೆಯುತ್ತಾರೆ. ಬೋರ್ಡು ಬಿಸಿಲಿನ ಬದಿಯಲ್ಲಿದ್ದರೆ ಓದುವವರು ಯಾರು?

ಉಳಿದರ್ಧ ಅಕ್ಷರದ್ದು. ಆಸ್ಪತ್ರೆ ಬೋರ್ಡಿನಲ್ಲಿ 'ಶಸ್ತ್ರಚಿಕಿತ್ಸೆ' ಅಂತ ಬರೆಯಬೇಕು ಅಂದುಕೊಳ್ಳಿ. 'ಸ್ತ್ರ'ದ ಒತ್ತುಗಳು ಕೆಳಗೆ ಇಳಿಯುತ್ತವೆ. ಫ್ಲೆಕ್ಸ್ ಅಂಗಡಿಯವರು ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಡುತ್ತಾರೆ. ಒತ್ತು ಹೋಗಿ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅಕ್ಷರದ ಅಳತೆಯ ಲೆಕ್ಕವೂ ಹಾಗೇ. ಏಳೆಂಟು ಮೀಟರ್ ದೂರಕ್ಕೆ 25 ಮಿಲಿಮೀಟರ್ ಎತ್ತರ ಅನ್ನುವ ಅಂದಾಜು ಇಂಗ್ಲಿಷ್ ದೊಡ್ಡಕ್ಷರಕ್ಕೆ ಹಾಕಿದ್ದು. ಕನ್ನಡದಲ್ಲಿ ಪ-ಷ, ದ-ಧ ಬೇರೆಯಾಗುವುದೇ ಒಂದು ಸಣ್ಣ ಗೀಟಿನಿಂದ, ಹಾಗಾಗಿ ನಾನು ಯಾವಾಗಲೂ ಇನ್ನಷ್ಟು ದೊಡ್ಡದು ಇಡುತ್ತೇನೆ. ಜೊತೆಗೆ ಉರ್ದು ಬಂದರೆ ಅದು ಬಲದಿಂದ ಎಡಕ್ಕೆ, ಓರೆಯಾಗಿ ಇಳಿಯುತ್ತಾ ಹೋಗುವ ಲಿಪಿ. ಅದಕ್ಕೆ ಎತ್ತರದ ಸಾಲು ಬೇಕು, ಬಾಣ ಯಾವ ತುದಿಯಲ್ಲಿ ಅಂತಲೂ ಯೋಚಿಸಬೇಕು. ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದಿದ ಮೇಲೆ ಅಂಗಡಿಗಳ ಬೋರ್ಡುಗಳು ಬದಲಾದವು. ಜಾಗ ಸಿಕ್ಕಿತು, ಆದರೆ ಓದಲು ಬರುವ ಹಾಗೆ ಬರೆಯುವವರು ಬೇಕಲ್ವಾ?

(ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಬರೆದು ದೇಶಕ್ಕೆಲ್ಲ ಗೊತ್ತಾದ ಎಸ್.ಎಂ. ಪಂಡಿತರ ಊರು ಕಲಬುರಗಿ. ಇಲ್ಲೇ ಇನ್ನೂ 'ಕಮರ್ಷಿಯಲ್ ಆರ್ಟ್' ಅಂದರೆ ಮೂಗು ಮುರಿಯುವವರಿದ್ದಾರೆ.)

ಓದಿನ ವಿಷಯ. ನಗರ ವಿನ್ಯಾಸದ ಸ್ನಾತಕೋತ್ತರ ಕೋರ್ಸಿಗೆ ಹೆಚ್ಚಿನ ಕಡೆ ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಡಿಗ್ರಿ ಕೇಳುತ್ತಾರೆ. ಹಾಗಾಗಿ ಪಿಯುಸಿಯಲ್ಲಿ ಗಣಿತ ತೆಗೆದುಕೊಂಡವರು ಅದರ ಪ್ರವೇಶ ಪರೀಕ್ಷೆ ನಾಟಾ (NATA) ಬರೆದು, ಐದು ವರ್ಷದ ಆ ದಾರಿ ಹಿಡಿಯುವುದು ಒಳ್ಳೆಯದು. ಅಕ್ಷರದ ಕೆಲಸವನ್ನು ಅದರ ಜೊತೆಜೊತೆಗೇ ಕಲಿಯಬಹುದು. ಈಗಾಗಲೇ ಆರ್ಟ್ ಡಿಗ್ರಿ ಮುಗಿದಿದ್ದರೆ ಸೀಡ್ (CEED) ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂ.ಡೆಸ್, ಅಂದರೆ ಡಿಸೈನಿನ ಸ್ನಾತಕೋತ್ತರ ಡಿಗ್ರಿ ಮಾಡಿ. ಆಮೇಲೆ ಒಬ್ಬ ಆರ್ಕಿಟೆಕ್ಟ್ ಆಫೀಸಿನಲ್ಲಿ ಪ್ಲಾನ್, ಸೆಕ್ಷನ್ (ಕಟ್ಟಡವನ್ನು ಸೀಳಿ ಒಳಗೆ ತೋರಿಸುವ ಚಿತ್ರ) ಓದುವುದು ಕಲಿಯಿರಿ. ಅದು ಬಾರದಿದ್ದರೆ ಸುಮ್ನೆ ಬಣ್ಣ ಆರಿಸುವ ಕೆಲಸಕ್ಕಷ್ಟೇ ಕರೆಯುತ್ತಾರೆ.

ಪೋರ್ಟ್‌ಫೋಲಿಯೊಗೆ ಹತ್ತು ಲೋಗೊ ಬೇಡ. ಕಲಬುರಗಿ ರೈಲ್ವೆ ಸ್ಟೇಷನ್ನಿನಿಂದ ಬಂದೇ ನವಾಜ್ ದರ್ಗಾದವರೆಗೆ ಒಂದೇ ದಾರಿ ತೆಗೆದುಕೊಳ್ಳಿ. ಎಲ್ಲೆಲ್ಲಿ ಬೋರ್ಡು, ಯಾವ ಎತ್ತರ, ಎಲ್ಲಿ ಏಕೆ ಬೇಡ, ಎಲ್ಲ ಬರೆಯಿರಿ. ಒಂದು ಬೋರ್ಡನ್ನು ನಿಜವಾದ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಕನ್ನಡಕದ ಅಜ್ಜನೊಬ್ಬನಿಂದ ಓದಿಸಿ ನೋಡಿ.

ಇನ್ನು ದುಡ್ಡು. ಟೆಂಡರುಗಳಲ್ಲಿ ಬೋರ್ಡು ಅಂದರೆ ಹೆಚ್ಚಾಗಿ ಸಿವಿಲ್ ಕೆಲಸದ ಕೊನೆಯ ಒಂದು ಐಟಂ, ಚದರ ಅಡಿಗೆ ಇಷ್ಟು ಅಂತ. ಡಿಸೈನ್ ಮಾಡುವವರಿಗೆ ಅದರಲ್ಲಿ ಜಾಗವೇ ಇರುವುದಿಲ್ಲ. ಆರ್ಕಿಟೆಕ್ಟ್ ಪ್ಲಾನ್ ಹಾಕುವಾಗಲೇ ಅವರ ಜೊತೆ ಸೇರಿಕೊಳ್ಳಿ. ಸ್ಥಳ ಸುತ್ತಿ ನೋಡುವುದಕ್ಕೆ ಒಂದು, ಡ್ರಾಯಿಂಗಿಗೆ ಒಂದು, ಬೋರ್ಡು ನಿಲ್ಲಿಸುವಾಗ ಬಂದು ನೋಡುವುದಕ್ಕೆ ಒಂದು ಅಂತ ಫೀಸು ಬೇರೆ ಬೇರೆ ಬರೆಸಿ.