ಕನ್ವರ್ಟಿಬಲ್ ತಗೊಳ್ಳೋ ಮುಂಚೆ ಹಿಂದಿನ ಸೀಟಲ್ಲಿ ಕೂತು ನೋಡಿ

ಇಲ್ಲಿ ಇಂಗ್ಲೆಂಡಲ್ಲಿ ಏಪ್ರಿಲ್ ಕಳೆದು ಒಂದಿಷ್ಟು ದಿನ ಚೆನ್ನಾಗಿ ಬಿಸಿಲು ಬಿದ್ರೆ ಸಾಕು, ನನಗೆ ಒಂದೇ ಥರದ ಫೋನ್ ಬರೋಕೆ ಶುರು ಆಗತ್ತೆ. "ಸರ್, ಇಬ್ರು ಮಕ್ಕಳಿದಾರೆ, ಮನೆಗೆ ಅಂತ ಕನ್ವರ್ಟಿಬಲ್ ತಗೋಬೋದಾ, ಇಲ್ಲ ಅದು ಬರೀ ಶೋಕಿ ಆಗೋಗತ್ತಾ?" ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರ ಪರವಾಗಿ ಹೋಗಿ ಗಾಡಿ ಪೂರ್ತಿ ನೋಡಿ ಹೇಳೋದು ನನ್ನ ಕೆಲಸ, ಹಾಗಾಗಿ ಕೇಳ್ತಾರೆ. ಕನ್ವರ್ಟಿಬಲ್ ಅಂದ್ರೆ ರೂಫ್ ಮಡಚಿ ತೆರೆಯೋ ಕಾರು. ತಗೋಬೋದು, ಧಾರಾಳವಾಗಿ ತಗೋಬೋದು. ಆದ್ರೆ ಜನ ಮಾಡೋದೇನು ಅಂದ್ರೆ ಶೋರೂಮಿಗೆ ಹೋಗಿ ಡ್ರೈವರ್ ಸೀಟಲ್ಲಿ ಕೂತು, ಬಟನ್ ಒತ್ತಿ ರೂಫ್ ಮಡಚೋದು ನೋಡಿ, ಅಲ್ಲೇ ಮನಸೋತು ಅಡ್ವಾನ್ಸ್ ಕೊಟ್ಟು ಬಂದ್ಬಿಡ್ತಾರೆ. ಮುಂದಿನ ಎರಡು ಸೀಟು ಯಾವ ಕನ್ವರ್ಟಿಬಲ್‌ನಲ್ಲೂ ಚೆನ್ನಾಗೇ ಇರತ್ತೆ. ಫ್ಯಾಮಿಲಿಗೆ ಆಗತ್ತೋ ಇಲ್ವೋ ಅನ್ನೋದೆಲ್ಲ ಗಾಡಿಯ ಹಿಂದಿನ ಅರ್ಧದಲ್ಲಿದೆ, ಅಂದ್ರೆ ಹಿಂದಿನ ಸೀಟು, ಡಿಕ್ಕಿ, ಆಮೇಲೆ ನೀರು ಹೋಗೋ ದಾರಿ.

ಮೊದಲು ಒಂದು ಸರಳ ಲೆಕ್ಕ. ಇವುಗಳಲ್ಲಿ ಹಿಂದೆ ಎರಡೇ ಸೀಟು, ಎರಡೇ ಬೆಲ್ಟು. ಮಧ್ಯದಲ್ಲಿ ಒಬ್ರನ್ನ ಅಡ್ಜಸ್ಟ್ ಮಾಡ್ಕೊಂಡು ಹೋಗೋಣ ಅನ್ನೋದು ನಡೆಯಲ್ಲ. ಮೂರು ಮಕ್ಕಳಿದ್ರೆ, ಅಥವಾ ಊರಿಂದ ಅಪ್ಪ ಅಮ್ಮ ಬಂದು ಮೂರು ನಾಲ್ಕು ತಿಂಗಳು ಇರ್ತಾರೆ ಅನ್ನೋದಾದ್ರೆ ಇದು ಮನೆಯ ಒಂದೇ ಗಾಡಿ ಆಗೋಕಾಗಲ್ಲ, ಎರಡನೇ ಗಾಡಿ ಆಗಿರ್ಬೇಕು. ಅದೂ ಅಲ್ದೆ ಎರಡೇ ಬಾಗಿಲು, ಮಂಡಿ ನೋವಿರೋ ಅಮ್ಮನಿಗೆ ಮುಂದಿನ ಸೀಟು ಬಗ್ಗಿಸಿ ಒಳಗೆ ನುಸುಳಿ ಹೋಗಮ್ಮ ಅನ್ನೋದು ನ್ಯಾಯ ಅಲ್ಲ, ಅವರನ್ನ ಮುಂದೆ ಕೂರಿಸಿ.

ಈಗ ಗಾಳಿ ವಿಷಯ. ಇದನ್ನ ಯಾವ ಸೇಲ್ಸ್‌ಮ್ಯಾನೂ ತಾನಾಗೇ ಹೇಳಲ್ಲ. ರೂಫ್ ತೆಗೆದು ಸ್ಪೀಡಲ್ಲಿ ಹೋಗ್ವಾಗ ಗಾಳಿ ಮುಂದಿನ ಗಾಜಿನ ಮೇಲಿಂದ ಹಾರಿ ಹೋಗತ್ತೆ, ಆದ್ರೆ ಅದರ ಹಿಂದೆ ಒತ್ತಡ ಕಮ್ಮಿ ಇರೋದ್ರಿಂದ ಸುಳಿ ಸುತ್ಕೊಂಡು ಹಿಂದಿಂದ ಮುಂದಕ್ಕೆ ವಾಪಸ್ ನುಗ್ಗತ್ತೆ, ನೇರವಾಗಿ ಹಿಂದೆ ಕೂತೋರ ತಲೆ ಕುತ್ತಿಗೆಗೆ. ಇದನ್ನ ತಡೆಯೋಕೆ ಅಂತ ಒಂದು ಬಲೆ ಥರದ ವಿಂಡ್ ಡಿಫ್ಲೆಕ್ಟರ್ ಕೊಡ್ತಾರೆ, ಡ್ರೈವರಿಗೆ ಅದು ಹಾಕಿದ್ರೆ ಸ್ವರ್ಗ. ಆದ್ರೆ ಅದನ್ನ ಹಾಕೋದು ಎಲ್ಲಿ? ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಸೀಟಿನ ಮೇಲೇನೇ! ಅದನ್ನ ಹಾಕಿದ್ರೆ ಹಿಂದೆ ಯಾರೂ ಕೂರೋ ಹಾಗಿಲ್ಲ, ಮಕ್ಕಳು ಕೂತ್ರೆ ಅದನ್ನ ಹಾಕೋ ಹಾಗಿಲ್ಲ. ಟೆಸ್ಟ್ ಡ್ರೈವಲ್ಲಿ ಡಿಫ್ಲೆಕ್ಟರ್ ಹಾಕ್ಕೊಂಡು ಗಂಡ ಹೆಂಡತಿ ಇಬ್ರೇ ಒಂದು ರೌಂಡ್ ಹೋಗಿ ಬಂದು ಆಹಾ ಎಷ್ಟು ಸೈಲೆಂಟ್ ಅಂತಾರೆ, ಅದು ನಿಮ್ಮ ಮಕ್ಕಳಿಗೆ ಸಿಗೋ ಗಾಡಿ ಅಲ್ಲ. ಆದ್ರಿಂದ ಡಿಫ್ಲೆಕ್ಟರ್ ತೆಗೆಸಿ, ಹೆಂಡತಿ ಅಥವಾ ಸ್ನೇಹಿತರ ಕೈಗೆ ಸ್ಟೇರಿಂಗ್ ಕೊಟ್ಟು ನೀವು ಹಿಂದೆ ಕೂತು, ರೂಫ್ ತೆಗೆದು, ಗಂಟೆಗೆ 50–60 ಮೈಲಿಲಿ ಹತ್ತು ನಿಮಿಷ ಹೋಗಿ ಬನ್ನಿ. ಆ ಹತ್ತು ನಿಮಿಷದಲ್ಲಿ ಗೊತ್ತಾಗೋದು ಎಷ್ಟು ರಿವ್ಯೂ ಓದಿದ್ರೂ ಗೊತ್ತಾಗಲ್ಲ.

ಈ ವಿಷಯಕ್ಕೆ ನಿಜವಾಗ್ಲೂ ತಲೆ ಕೆಡಿಸ್ಕೊಂಡಿದ್ದು ಮರ್ಸಿಡಿಸ್‌ನೋರು. 2010ರ ಇ-ಕ್ಲಾಸ್ ಕ್ಯಾಬ್ರಿಯೋಲೆಯಲ್ಲಿ (ಕನ್ವರ್ಟಿಬಲ್ಲಿಗೇ ಇನ್ನೊಂದು ಹೆಸರು) ಏರ್‌ಕ್ಯಾಪ್ ಅಂತ ತಂದ್ರು, ಮುಂದಿನ ಗಾಜಿನ ಮೇಲಿನ ಪಟ್ಟಿ ಒಂದಿಷ್ಟು ಮೇಲೆ ಏಳತ್ತೆ, ಹಿಂದಿನ ಸೀಟಿನ ಹೆಡ್‌ರೆಸ್ಟ್‌ಗಳ ಮಧ್ಯೆ ಒಂದು ಬಲೆ ನಿಲ್ಲತ್ತೆ, ಗಾಳಿ ನಾಲ್ಕೂ ಜನರ ತಲೆ ಮೇಲಿಂದ ಹಾದು ಹೋಗತ್ತೆ. ಕೆಲವ್ರಿಗೆ ಆ ಪಟ್ಟಿ ನೋಡೋಕೆ ಇಷ್ಟ ಆಗಲ್ಲ, ಇರಲಿ, ಹಿಂದೆ ಕೂತ ಮಗುಗೆ ಅದು ದೊಡ್ಡ ಉಪಕಾರ. ಹಾಗಿದ್ರೂ ಪುಟ್ಟ ಕೂಸಿದ್ರೆ ಮೋಟರ್‌ವೇಲಿ ರೂಫ್ ಮುಚ್ಚಿಬಿಡಿ, ಆ ಶಬ್ದ ಆ ಗಾಳಿ ಮಗುಗೆ ಬೇಡ. ತೆಗೆಯೋದೇನಿದ್ರೂ ಹಳ್ಳಿ ರೋಡಲ್ಲಿ, ಸಮುದ್ರದ ಪಕ್ಕ, ನಿಧಾನಕ್ಕೆ ಹೋಗ್ವಾಗ, ತಲೆಗೆ ಟೋಪಿ ಹಾಕಿ.

ಚೈಲ್ಡ್ ಸೀಟು. ಇಲ್ಲಿನ ಕಾನೂನಿನ ಪ್ರಕಾರ ಮಗುಗೆ 12 ವರ್ಷ ಆಗೋವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಬರೋವರೆಗೆ, ಯಾವುದು ಮೊದ್ಲೋ ಅಲ್ಲೀವರೆಗೆ ಚೈಲ್ಡ್ ಸೀಟು ಬೇಕು. ಐ-ಸೈಜ್, ಅಂದ್ರೆ ಮಗುವಿನ ಎತ್ತರ ನೋಡಿ ಆರಿಸೋ ಥರದ ಸೀಟಾದ್ರೆ 15 ತಿಂಗಳು ದಾಟೋವರೆಗೆ ಹಿಂದಕ್ಕೆ ಮುಖ ಮಾಡಿನೇ ಕೂರಿಸ್ಬೇಕು. ಹಿಂದಕ್ಕೆ ಮುಖ ಮಾಡೋ ಸೀಟು ಉದ್ದಕ್ಕೆ ತುಂಬಾ ಜಾಗ ತಿನ್ನತ್ತೆ, ಕನ್ವರ್ಟಿಬಲ್‌ನಲ್ಲಿ ಅದನ್ನ ಹಾಕಿದ್ಮೇಲೆ ಅದರ ಮುಂದೆ ಕೂತೋರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗೋದುಂಟು. ಹಿಂದೆ ಜಾಗ ಇಲ್ಲ ಅಂತ ಅದನ್ನ ಮುಂದಿನ ಸೀಟಿಗೆ ಹಾಕೋದಾದ್ರೆ ಆ ಕಡೆ ಏರ್‌ಬ್ಯಾಗ್ ಆಫ್ ಮಾಡಲೇಬೇಕು, ಇದ್ರಲ್ಲಿ ರಾಜಿ ಇಲ್ಲ. ನಿಮ್ಮ ಮನೇಲಿರೋ ಸೀಟನ್ನೇ ತಗೊಂಡು ಹೋಗಿ, ಐಸೋಫಿಕ್ಸ್, ಅಂದ್ರೆ ಚೈಲ್ಡ್ ಸೀಟು ಸಿಗಿಸೋಕೆ ಗಾಡೀಲೇ ಇರೋ ಕೊಕ್ಕೆಗೆ ಹಾಕಿ ನೋಡಿ, ಹಾಕಿದ್ಮೇಲೆ ರೂಫ್ ಒಂದ್ಸಲ ನಿಧಾನಕ್ಕೆ ಮುಚ್ಚಿಸಿ ನೋಡಿ. ಯಾಕಂದ್ರೆ ಹಿಂದಿನ ಸೀಟಿನ ಬೆನ್ನು ಇವುಗಳಲ್ಲಿ ನೆಟ್ಟಗಿರತ್ತೆ, ಹೈ-ಬ್ಯಾಕ್ ಬೂಸ್ಟರ್ (ದೊಡ್ಡ ಮಕ್ಕಳ, ಎತ್ತರದ ಬೆನ್ನಿರೋ ಸೀಟು) ಮುಂದಕ್ಕೆ ವಾಲ್ಕೊಂಡು ನಿಲ್ಲತ್ತೆ, ಅದರ ತಲೆಭಾಗ ರೂಫಿಗೆ ತಾಗ್ತದಾ ಅಂತ ಅಲ್ಲೇ ಗೊತ್ತಾಗ್ಬೇಕು. ಒಂದು ಅನುಕೂಲಾನೂ ಇದೆ, ರೂಫ್ ತೆಗೆದಿದ್ರೆ ಮಗುನ ಮೇಲಿಂದಾನೇ ಸೀಟಿಗೆ ಇಳಿಸಿ ಬೆಲ್ಟ್ ಹಾಕ್ಬೋದು, ಸೊಂಟ ಬಗ್ಗಿಸಿ ಒಳಗೆ ತಲೆ ತೂರಿಸೋ ಕಷ್ಟ ಇಲ್ಲ. ಮಳೇಲಿ ಮಾತ್ರ ಆ ಉದ್ದ ಬಾಗಿಲು, ಸೂಪರ್‌ಮಾರ್ಕೆಟ್ ಪಾರ್ಕಿಂಗಿನ ಇಕ್ಕಟ್ಟು, ಕೈಯಲ್ಲಿ ಮಗು, ಇದೆಲ್ಲ ಸೇರಿ ಕಷ್ಟಾನೇ.

ಡಿಕ್ಕಿಗೆ ಬರೋಣ. ಬ್ರೋಷರ್‌ನಲ್ಲಿ ದೊಡ್ಡದಾಗಿ ಬರೆಯೋ ಲೀಟರ್ ಲೆಕ್ಕ ರೂಫ್ ಮುಚ್ಚಿದಾಗಿಂದು. ಹೆಚ್ಚಿನ ಗಾಡಿಗಳಲ್ಲಿ ರೂಫ್ ಮಡಚಿದ್ರೆ ಅದು ಹೋಗಿ ಮಲಗೋದು ಡಿಕ್ಕೀಲಿ. ವೋಲ್ವೋ ಸಿ70ಲಿ ಮುಚ್ಚಿದಾಗ 404 ಲೀಟರ್, ತೆಗೆದಾಗ 200. ಫೋಕ್ಸ್‌ವ್ಯಾಗನ್ ಇಯೋಸ್ 380 ಇದ್ದದ್ದು 205 ಆಗತ್ತೆ. 2014ರಿಂದ ಬಂದ ಬಿಎಂಡಬ್ಲ್ಯು 4 ಸೀರೀಸ್ 370ರಿಂದ 220ಕ್ಕೆ ಇಳಿಯತ್ತೆ. ಈ ಮೂರೂ ಮಡಚೋ ಲೋಹದ ರೂಫಿನ ಗಾಡಿಗಳು. ಬಟ್ಟೆ ರೂಫಿನ ಮೊದಲ ತಲೆಮಾರಿನ ಆಡಿ ಎ5 ನೋಡಿ, 380ರಿಂದ 320 ಅಷ್ಟೇ, ಅದರ ಜೊತೆಗೆ ಹಿಂದಿನ ಸೀಟಿನ ಬೆನ್ನೂ ಮಡಚತ್ತೆ. ಅಂದ್ರೆ ಕಾರ್ನ್‌ವಾಲ್‌ಗೆ ವಾರದ ರಜಕ್ಕೆ ನಾಲ್ಕು ಜನದ ಬಟ್ಟೆ, ಮಗುನ ತಳ್ಕೊಂಡು ಹೋಗೋ ಪುಶ್‌ಚೇರ್, ಕುಕ್ಕರ್ ಎಲ್ಲ ತುಂಬ್ಕೊಂಡು ಹೊರಟ್ರೆ ಲೋಹದ ರೂಫಿನ ಗಾಡೀಲಿ ದಾರಿ ಪೂರ್ತಿ ರೂಫ್ ಮುಚ್ಚಿಕೊಂಡೇ ಹೋಗ್ಬೇಕು, ಯಾವುದಕ್ಕೆ ಅಂತ ದುಡ್ಡು ಕೊಟ್ರೋ ಅದೇ ಸಿಗಲ್ಲ. ಡಿಕ್ಕೀಲಿ ಒಂದು ಪರದೆ ಇರತ್ತೆ, ಅದನ್ನ ಎಳೆದು ಸಿಗಿಸಿದ್ರೇನೇ ರೂಫ್ ಅಲ್ಲಾಡೋದು, ಆ ಪರದೆ ಕೆಳಗೆ ನಿಮ್ಮ ಪುಶ್‌ಚೇರ್ ಹಿಡಿಯತ್ತಾ ನೋಡಿ. ಹಿಡಿದ್ರೆ ಗೆದ್ದಂಗೆ.

ಹಾಗಾದ್ರೆ ಲೋಹದ್ದಾ ಬಟ್ಟೇದಾ? ನಮ್ಮವ್ರಲ್ಲಿ ಬಹಳ ಜನ ಬಟ್ಟೆ ಅಂದ ತಕ್ಷಣ ಹೆದರ್ತಾರೆ, ಮಳೆ ಸೋರತ್ತೆ, ಯಾರೋ ಬ್ಲೇಡ್ ಹಾಕ್ತಾರೆ, ಚಳಿ ಅಂತ. ಈಗಿನ ಬಟ್ಟೆ ರೂಫುಗಳು ಹಲವು ಪದರದ್ದು, ಹಿಂದೆ ಬಿಸಿಯಾಗೋ ನಿಜವಾದ ಗಾಜು, ಒಳಗೆ ಕೂತ್ರೆ ಬೆಚ್ಚಗೇ ಇರತ್ತೆ. ಬಿಎಂಡಬ್ಲ್ಯುನೋರೇ 2020ರ ಹೊಸ 4 ಸೀರೀಸ್‌ಗೆ ಲೋಹ ಬಿಟ್ಟು ಬಟ್ಟೆಗೆ ವಾಪಸ್ ಬಂದ್ರು, ತೂಕ ಕಮ್ಮಿ, ಡಿಕ್ಕಿ ಜಾಸ್ತಿ, ಹತ್ತು ಸೆಕೆಂಡಲ್ಲಿ ತೆಗೆಯತ್ತೆ, ಅದೂ ಗಂಟೆಗೆ 30 ಮೈಲಿವರೆಗೆ ಓಡ್ತಾ ಇರೋವಾಗ್ಲೇ. ಇಂಗ್ಲೆಂಡಿನ ಮಳೆ ಹೇಳಿ ಕೇಳಿ ಬರಲ್ಲ, ಸಿ70 ಥರ ನಿಲ್ಲಿಸಿ ಅರ್ಧ ನಿಮಿಷ ಕಾಯೋದಕ್ಕೂ ಸಿಗ್ನಲ್ ಕಡೆ ನಿಧಾನಕ್ಕೆ ಹೋಗ್ತಾನೇ ಮುಚ್ಚೋದಕ್ಕೂ ಬಹಳ ವ್ಯತ್ಯಾಸ. ರಸ್ತೆ ಬದಿ ಪಾರ್ಕ್ ಮಾಡೋರಿಗೆ ಮಾತ್ರ ಲೋಹದ್ದು ಮನಸ್ಸಿಗೆ ನೆಮ್ಮದಿ, ಅದನ್ನ ನಾನು ಇಲ್ಲ ಅನ್ನಲ್ಲ.

ನೀರಿನ ವಿಷಯ ಸ್ವಲ್ಪ ನಿಧಾನಕ್ಕೆ ಓದಿ. ಸೋರೋ ಕನ್ವರ್ಟಿಬಲ್ ನೋಡಿದ ತಕ್ಷಣ ಜನ ರೂಫ್ ಹರಿದಿದೆ ಅನ್ಕೊಳ್ತಾರೆ, ಎಷ್ಟೋ ಸಲ ರೂಫ್ ಚೆನ್ನಾಗೇ ಇರತ್ತೆ. ರೂಫಿನ ಅಂಚಲ್ಲಿ ಇಳಿಯೋ ನೀರು ಹಿಂದಿನ ಮೂಲೇಲಿ ಸಣ್ಣ ಡ್ರೈನ್ ಪೈಪಲ್ಲಿ ಗಾಡಿ ಕೆಳಗೆ ಹೋಗ್ಬೇಕು. ಊರಲ್ಲಿ ತಾರಸಿ ಪೈಪಿಗೆ ಎಲೆ ಕಟ್ಕೊಂಡ್ರೆ ತಾರಸಿ ತುಂಬ ನೀರು ನಿಲ್ಲಲ್ವಾ, ಹಾಗೇ ಇಲ್ಲೂ ಎಲೆ ಕಸ ಸೇರಿ ಆ ಪೈಪ್ ಕಟ್ಟಿದ್ರೆ ನೀರು ಒಳಗೆ ದಾರಿ ಹುಡುಕ್ಕೊಳತ್ತೆ. ಅದು ಹೋಗಿ ನಿಲ್ಲೋದು ಡಿಕ್ಕಿ ತಳದಲ್ಲಿ ಇಲ್ಲ ಹಿಂದಿನ ಕಾರ್ಪೆಟ್ ಕೆಳಗೆ, ಕೆಲವು ಗಾಡಿಗಳಲ್ಲಿ ಅಲ್ಲೇ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು, ರೂಫಿನ ಪಂಪು ಇರತ್ತೆ. ಅವಕ್ಕೆ ನೀರು ಕುಡಿಸಿದ್ರೆ ಬಿಲ್ಲು ನೋಡಿ ತಲೆ ತಿರುಗತ್ತೆ. ಅದಕ್ಕೇ ನಾನು ಮೊದ್ಲು ಮಾಡೋದು ರೂಫ್ ತೆಗೆಯೋದಲ್ಲ, ಬಾಗಿಲು ತೆಗೆದು ಮೂಸಿ ನೋಡೋದು. ಮುಗ್ಗಲು ವಾಸನೆ ಬಂದ್ರೆ, ಅಥವಾ ಯಾಕಪ್ಪ ಇಷ್ಟೊಂದು ಸೆಂಟ್ ಹೊಡೆದಿದಾರೆ ಅನ್ನಿಸಿದ್ರೆ, ಹುಷಾರಾಗಿ. ಆಮೇಲೆ ಡಿಕ್ಕಿ ಚಾಪೆ ಎತ್ತಿ ತಳಕ್ಕೆ ಕೈ ಹಾಕಿ, ಹಿಂದಿನ ಕಾರ್ಪೆಟ್ ಅಂಗೈಯಿಂದ ಒತ್ತಿ ನೋಡಿ, ಒಂದು ಬಾಟಲಿ ನೀರನ್ನ ಡ್ರೈನ್ ಕಡೆ ನಿಧಾನಕ್ಕೆ ಸುರಿದು ಕೆಳಗೆ ಬೀಳತ್ತಾ ಅಂತ ಬಗ್ಗಿ ನೋಡಿ. ಇಯೋಸ್ ಥರ ಐದು ತುಂಡಿನ ರೂಫಾದ್ರೆ ರಬ್ಬರ್ ಬೀಡಿಂಗ್ ಉದ್ದಕ್ಕೂ ಬೆರಳು ಓಡಿಸಿ, ಅದಕ್ಕೆ ಆಗಾಗ ಸರಿಯಾದ ಗ್ರೀಸ್ ಹಚ್ತಾ ಇರ್ಬೇಕು, ಹಚ್ಚದೇ ಬಿಟ್ಟ ಬೀಡಿಂಗ್ ಒಣಗಿ ಸೀಳತ್ತೆ, ಸೀಳಿದ ಕಡೆ ಸೋರತ್ತೆ. ಎಂಒಟಿ, ಅಂದ್ರೆ ಇಲ್ಲಿನ ವರ್ಷಕ್ಕೊಮ್ಮೆಯ ಗಾಡಿ ತಪಾಸಣೆ, ಪಾಸಾಗಿದೆಯಲ್ಲ ಅಂತ ಸುಮ್ಮನಾಗ್ಬೇಡಿ, ಎಂಒಟಿಲಿ ರೂಫ್ ಸೋರತ್ತಾ ಅಂತ ಯಾರೂ ನೋಡಲ್ಲ. ಇದಕ್ಕೇ ನವೆಂಬರ್ ಡಿಸೆಂಬರಲ್ಲಿ ಕನ್ವರ್ಟಿಬಲ್ ನೋಡೋದು ಒಳ್ಳೇದು ಅಂತೀನಿ, ಕೇಳೋರು ಕಮ್ಮಿ ಇರೋದ್ರಿಂದ ರೇಟಲ್ಲಿ ಚೌಕಾಸಿ ಮಾಡ್ಬೋದು, ಮಳೆ ಟೆಸ್ಟ್ ಬೇರೆ ಪುಕ್ಕಟೆ.

ಯಾವ ಗಾಡಿ ಅಂತ ಕೇಳಿದ್ರೆ ಈಗ ಆಯ್ಕೆ ಕಮ್ಮಿ ಆಗ್ತಿದೆ ಅನ್ನೋದು ಬೇಜಾರಿನ ಸಂಗತಿ. ಸಾಬ್ 9-3 ನಿಂತು ಹೋಯ್ತು, ಸಿ70 2013ರಲ್ಲಿ, ಇಯೋಸ್ 2015ರಲ್ಲಿ, ಆಡಿ ಎ3 ಕ್ಯಾಬ್ರಿಯೋಲೆ 2020ರಲ್ಲಿ ಮುಗೀತು, ಹೊಸ ಎ5ಗೆ ಕನ್ವರ್ಟಿಬಲ್ ರೂಪಾನೇ ಇಲ್ಲ. ಚಿಕ್ಕ ಮಕ್ಕಳಿದ್ದು ಬಜೆಟ್ ಒಂದು ಮಟ್ಟಿಗಿದ್ರೆ ನಾನು ಫೋಕ್ಸ್‌ವ್ಯಾಗನ್ ಟಿ-ರಾಕ್ ಕ್ಯಾಬ್ರಿಯೋಲೆ ಕಡೆ ಕೈ ತೋರಿಸ್ತೀನಿ, ಎತ್ತರಕ್ಕಿರೋದ್ರಿಂದ ಮಗುನ ಕೂರಿಸೋಕೆ ಸುಲಭ, ರೂಫ್ ಒಂಬತ್ತು ಸೆಕೆಂಡಲ್ಲಿ ತೆಗೆಯತ್ತೆ, ಡಿಕ್ಕಿ 280 ಲೀಟರ್ ಚಿಲ್ಲರೆ ಅಷ್ಟೇ ಆದ್ರೂ ರೂಫ್ ತೆಗೆದ್ರೂ ಮುಚ್ಚಿದ್ರೂ ಅಷ್ಟೇ ಇರತ್ತೆ. ಮಕ್ಕಳು ಬೆಳೆದು ಕಾಲು ಉದ್ದ ಆಗಿದ್ರೆ ಇ-ಕ್ಲಾಸ್, ಇಲ್ಲ ಎ5. ಕಮ್ಮಿ ದುಡ್ಡಿಗೆ ಹಳೇದೇ ಬೇಕು ಅಂದ್ರೆ ಸಿ70 ನನಗೆ ಇಷ್ಟ, ಹಿಂದೆ ದೊಡ್ಡವ್ರೂ ಕೂರೋ ಹಾಗಿದೆ, ರೂಫ್‌ನಲ್ಲಿ ಜಾಗ ಇಲ್ಲ ಅಂತ, ಪಕ್ಕದಿಂದ ಗುದ್ದಿದಾಗ ತಲೆ ಕಾಪಾಡೋ ಕರ್ಟನ್ ಏರ್‌ಬ್ಯಾಗನ್ನ ಬಾಗಿಲೊಳಗೆ ಇಟ್ಟು ಕೆಳಗಿಂದ ಮೇಲಕ್ಕೆ ಬಿಚ್ಕೊಳ್ಳೋ ಹಾಗೆ ಮಾಡಿದಾರೆ, ಸೇಫ್ಟಿ ಬಗ್ಗೆ ಅಷ್ಟು ಯೋಚ್ನೆ ಮಾಡಿದ್ದು ನೋಡಿ ಖುಷಿ ಆಗತ್ತೆ. ಮಿನಿ ಕನ್ವರ್ಟಿಬಲ್ ಮುದ್ದಾಗಿದೆ, ಆದ್ರೆ ಹಿಂದೆ ಸ್ಕೂಲ್ ಮಕ್ಕಳಿಗೆ ಮಾತ್ರ, ರೂಫ್ ತೆಗೆದ್ರೆ ಡಿಕ್ಕಿ 160 ಲೀಟರ್, ದಿನಸಿಗೆ ಸಾಕು.

ದುಡ್ಡು ಕೊಡೋ ಮುಂಚೆ ರೂಫನ್ನ ಪೂರ್ತಿ ತೆಗೆದು ಮುಚ್ಚಿ, ಎರಡೆರಡು ಸಲ, ಇಂಜಿನ್ ಆನ್ ಇಟ್ಟು. ಮಧ್ಯದಲ್ಲಿ ತಡೆದ್ರೆ, ಪಂಪ್ ಒಂದೇ ಸಮನೆ ಗೊಣಗಿದ್ರೆ, ಎಡ ಬಲ ಒಟ್ಟಿಗೆ ಏಳದೇ ಇದ್ರೆ, ಆಯಿಲ್ ಸೋರಿರೋ ಕಲೆ ಕಂಡ್ರೆ ಅಲ್ಲೇ ಕೇಳಿ, ಆಮೇಲೆ ಸರಿ ಮಾಡಿಸ್ಕೊಡ್ತೀವಿ ಅನ್ನೋ ಬಾಯಿಮಾತಿಗೆ ಒಪ್ಬೇಡಿ. ಆ ಹೊತ್ತಲ್ಲಿ ಮಕ್ಕಳ ಕೈ ಹಿಂದಿನ ಅಂಚಿನ ಹತ್ರ ಇಲ್ಲ ಅಂತ ನೋಡ್ಕೊಳ್ಳಿ, ಮನೆಗೆ ತಂದ ಮೇಲೂ ಬಟನ್ ಒತ್ತೋದು ದೊಡ್ಡವ್ರು ಮಾತ್ರ ಅಂತ ಮೊದಲ ದಿನಾನೇ ನಿಯಮ ಮಾಡಿ. ಬ್ಯಾಟರಿ ಇಳಿದು ರೂಫ್ ಅರ್ಧಕ್ಕೆ ನಿಂತ್ರೆ ಕೈಯಲ್ಲಿ ಮುಚ್ಚೋದು ಹೇಗೆ ಅಂತ ಹ್ಯಾಂಡ್‌ಬುಕ್ಕಲ್ಲಿ ಇರತ್ತೆ, ಅದಕ್ಕೊಂದು ಕೀ ಬೇಕಾದ್ರೆ ಅದು ಗಾಡೀಲಿ ಇದೆಯಾ ಕೇಳಿ, ಆ ಪುಟದ್ದೊಂದು ಫೋಟೋ ನಿಮ್ಮ ಫೋನಲ್ಲೂ ಮನೆಯವ್ರ ಫೋನಲ್ಲೂ ತೆಗೆದಿಟ್ಕೊಳ್ಳಿ.