ಕೊರೆಸವೆತ: ಪಂಪಿನ ಲೋಹವನ್ನು ಉಸುಕು ತಿನ್ನುವ ಬಗೆ

ಬೂದಿನೀರನ್ನು ಎತ್ತಿ ಎತ್ತಿ ಅಂಚು ಕಳೆದುಕೊಂಡ ಪಂಪಿನ ಇಂಪೆಲ್ಲರನ್ನು (ಒಳಗೆ ತಿರುಗುತ್ತ ನೀರನ್ನು ದೂಡುವ ರೆಕ್ಕೆಚಕ್ರವನ್ನು) ಬೆಳಗಾವಿಯ ಉದ್ಯಮಬಾಗದ ಯಾವುದಾದರೂ ಎರಕದ ಮನೆಯಲ್ಲಿ ತೋರಿಸಿದರೆ, ‘ಉಸುಕು ತಿಂದೈತಿ’ ಎಂಬ ಎರಡೇ ಮಾತಿನಲ್ಲಿ ಕಾರಣ ಹೇಳಿ ಮುಗಿಸಬಹುದು. ಎಂಜಿನಿಯರುಗಳು ಇದನ್ನೇ ಎರೋಷನ್ ವೇರ್ ಎನ್ನುತ್ತಾರೆ. ಕನ್ನಡದಲ್ಲಿ ಬರಿಯ ‘ಸವೆತ’ ಎಂದರೆ ಸಾಲದು, ಏಕೆಂದರೆ ಒಂದಕ್ಕೊಂದು ಉಜ್ಜಿಕೊಂಡು ತೇಯುವ ಬೇರಿಂಗಿನದೂ ಸವೆತವೇ. ಘಟಪ್ರಭೆ ಗೋಕಾಕದ ಬಂಡೆಯನ್ನು ಕೊರೆದಂತೆ, ಹರಿಯುವ ನೀರಿನೊಡನೆ ಬರುವ ಗಟ್ಟಿ ಕಣಗಳು ಲೋಹದ ಮೈಗೆ ಬಡಿದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳನ್ನು ಕಿತ್ತೊಯ್ಯುವ ಕ್ರಿಯೆಗೆ ‘ಕೊರೆಸವೆತ’ ಎಂಬುದು ಹೆಚ್ಚು ಒಪ್ಪುವ ಹೆಸರೆಂದು ನನಗೆ ತೋರುತ್ತದೆ.

ಗಟ್ಟಿ ಲೋಹ ಹಾಕಿದರೆ ಪಂಪು ಬಾಳುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ; ಕಣ ಯಾವ ಕೋನದಲ್ಲಿ ಬಡಿಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಮೆದು ಉಕ್ಕಿಗೆ ಓರೆಯಾಗಿ, ಸುಮಾರು 15ರಿಂದ 30 ಡಿಗ್ರಿಯಲ್ಲಿ ಬರುವ ಕಣವೇ ದೊಡ್ಡ ವೈರಿ, ಅದು ಉಳಿಯಂತೆ ಕೆತ್ತುತ್ತ ಹೋಗುತ್ತದೆ. ನೆಟ್ಟಗೆ ಬಡಿದಾಗ ಆ ಉಕ್ಕು ತಗ್ಗಾಗಿ ಅದುಮಿಕೊಳ್ಳುತ್ತದೆಯೇ ಹೊರತು ಅಷ್ಟು ಬೇಗ ಕಳಚುವುದಿಲ್ಲ. ಪೆಡಸಾದ ಬಿಳಿ ಬೀಡುಕಬ್ಬಿಣದ್ದು (ವೈಟ್ ಕಾಸ್ಟ್ ಐರನ್) ಇದಕ್ಕೆ ತದ್ವಿರುದ್ಧ: ಓರೆಪೆಟ್ಟನ್ನು ಅದು ತಾಳಿಕೊಳ್ಳುತ್ತದೆ, 90 ಡಿಗ್ರಿಯ ಪೆಟ್ಟಿಗೆ ಒಳಗೊಳಗೇ ಬಿರಿಯುತ್ತದೆ. ಸ್ಲರಿ, ಅಂದರೆ ಗಟ್ಟಿ ಕಣ ಬೆರೆತ ನೀರನ್ನು ಎತ್ತುವ ಪಂಪುಗಳಲ್ಲಿ ಹೆಚ್ಚಾಗಿ ಬಳಸುವ, ಸುಮಾರು 27 ಶೇಕಡಾ ಕ್ರೋಮಿಯಂ ಇರುವ ಬೀಡು ಬಾಳಿಕೆ ಬರುವುದು ಅದರೊಳಗಿನ ಕಾರ್ಬೈಡುಗಳು (ಲೋಹ, ಇಂಗಾಲ ಕೂಡಿದ ಗಟ್ಟಿ ಹರಳುಗಳು) ಉಸುಕಿನ ಕ್ವಾರ್ಟ್ಜ್‌ಗಿಂತ ಗಟ್ಟಿಯಾಗಿರುವುದರಿಂದ. ಆದರೂ ದಪ್ಪ ಕಲ್ಲು ಬಿದ್ದರೆ ಅದೂ ಒಡೆಯುತ್ತದೆ. ಕಣ ನುಣ್ಣಗಿದ್ದರೆ ಪೆಟ್ಟನ್ನು ಪುಟಿದು ಹಿಂದಿರುಗಿಸುವ ರಬ್ಬರ್ ಲೈನಿಂಗ್ (ಒಳಹೊದಿಕೆ) ಎಷ್ಟೋ ಸಲ ಲೋಹವನ್ನೇ ಮೀರಿಸುತ್ತದೆ.

ವೇಗದ ಲೆಕ್ಕ ಇನ್ನೂ ನಿರ್ದಯವಾದದ್ದು. ಸವೆತವು ಸಾಮಾನ್ಯವಾಗಿ ವೇಗದ 2ರಿಂದ 3ನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, ವೇಗ ಇಮ್ಮಡಿಯಾದರೆ ಲೋಹ ನಾಲ್ಕರಿಂದ ಎಂಟು ಪಟ್ಟು ಬೇಗ ಸವೆಯುತ್ತದೆ. ವಿಜಯಪುರ ಜಿಲ್ಲೆಯ ಕೂಡಗಿಯಂಥ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಬೂದಿಯಾಗಲಿ, ಬಾಗಲಕೋಟೆ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಉಳಿಯುವ, ಸಿಲಿಕಾ ತುಂಬಿದ ಬೂದಿಯಾಗಲಿ, ನೀರಿನಲ್ಲಿ ಕಲಸಿ ಸಾಗಿಸಬೇಕಾದಾಗ ದೊಡ್ಡ ಇಂಪೆಲ್ಲರನ್ನು ನಿಧಾನವಾಗಿ ತಿರುಗಿಸುವುದು ಜಾಣತನವೆನಿಸುವುದು ಇದಕ್ಕಾಗಿಯೇ.

ತುಕ್ಕು ಬೇರೆ, ಕೊರೆಸವೆತ ಬೇರೆ. ಕೂಡಿದರೆ ಮಾತ್ರ ಎರಡೂ ಒಂದಕ್ಕೊಂದು ಕುಮ್ಮಕ್ಕು. ಸ್ಟೇನ್‌ಲೆಸ್ ಉಕ್ಕಿನ ಮೇಲಿನ ತೆಳುವಾದ ರಕ್ಷಾಪದರವನ್ನು ಕಣಗಳು ಕೆರೆದು ಹಾಕುತ್ತವೆ, ಬರಿಮೈಯಾದಲ್ಲಿ ರಾಸಾಯನಿಕ ಕೆಲಸ ಮಾಡುತ್ತದೆ, ಹಾಗೆ ಸಡಿಲವಾದುದನ್ನು ಮುಂದಿನ ಕಣ ಹೊತ್ತೊಯ್ಯುತ್ತದೆ.

ಸವೆತ ಮೊದಲು ಮನಸ್ಸಿಗೆ ಬರುವುದು ಕಣ್ಣಿನಿಂದಲ್ಲ, ನೀರಿನ ಒತ್ತಡ ಇಳಿಯುವುದರಿಂದ. ಇಂಪೆಲ್ಲರಿಗೂ ಹೀರುವ ಬದಿಯ ಲೈನರಿಗೂ ನಡುವಿನ ಸಂದು ಅಗಲವಾಗಿ, ಎತ್ತಿದ ನೀರು ಅಲ್ಲಿಂದಲೇ ಹಿಂದಕ್ಕೆ ನುಸುಳುತ್ತಿರುತ್ತದೆ. ಅನುಭವಿ ಫಿಟ್ಟರು ಆಗ ಪಂಪನ್ನು ಬಿಚ್ಚುವ ಮೊದಲು ಶಾಫ್ಟನ್ನು ಬೇರಿಂಗ್ ಸಮೇತ ತುಸು ಮುಂದಕ್ಕೆ ಸರಿಸಿ, ಆ ಸಂದನ್ನು ಮತ್ತೆ ಕಿರಿದಾಗಿಸುತ್ತಾನೆ.