ಹಳೇ ಟೇಬಲ್ ಸಾ ತಂದಿದ್ದೀರಾ? ಬ್ಲೇಡ್ ಕೊಳ್ಳುವ ಮುಂಚೆ ಅಳತೆ ತಗೊಳ್ಳಿ

"ಹೊಸಾ ಬ್ಲೇಡ್ ಹಾಕೀನ್ರೀ, ಆದ್ರೂ ಕಟ್ಟಿಗಿ ಸುಡಾಕತ್ತೈತಿ." ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯಿಂದ ನಮ್ಮ ಹತ್ತಿರ ಬರುವ ಬಡಿಗರ ಬಾಯಲ್ಲಿ ಇದೇ ಮಾತು. ಸೆಕೆಂಡ್ ಹ್ಯಾಂಡ್ ಟೇಬಲ್ ಸಾ (ಮೇಜಿನ ನಡುವೆ ದುಂಡು ಬ್ಲೇಡು ತಿರುಗುವ ಗರಗಸದ ಮಷಿನ್) ತಂದವರ ಮೊದಲ ಖರ್ಚೇ ಬ್ಲೇಡು. ಅದೂ ಸುಟ್ಟರೆ ಇನ್ನೊಂದು ಬ್ಲೇಡು, ಆಮೇಲೆ ದೊಡ್ಡ ಮೋಟಾರು. ಬ್ಲೇಡೂ, ಕಟ್ಟಿಗೆಯನ್ನು ಒರಗಿಸಿ ತಳ್ಳುವ ಗೈಡೂ ಒಂದಕ್ಕೊಂದು ಸಮಾನಾಂತರ ಇವೆಯಾ ಅಂತ ಮಾತ್ರ ನೋಡಿರುವುದಿಲ್ಲ. ಕಷ್ಟಪಟ್ಟು ದುಡಿದ ಹಣ ಸುಮ್ನೆ ಹೋಗುತ್ತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ತುಕ್ಕು ತೆಗೆಯುವುದು ನಿಮಗೆ ಗೊತ್ತು. ಡೀಸೆಲ್ ಹಚ್ಚಿ ವಾಟರ್ ಪೇಪರ್‌ನಿಂದ ಉಜ್ಜಿ, ಪೂರ್ತಿ ಒರೆಸಿ ಮೇಣ ಹಚ್ಚಿದರೆ ಆಯಿತು. ಬಿರುಕು ಬಿಟ್ಟ ಬೆಲ್ಟ್ ಬಿಸಾಕಿ. ಬ್ಲೇಡು ಕೂತಿರುವ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ, ಆಡಿದರೆ ಮೊದಲು ಬೇರಿಂಗ್ ಬದಲಾಯಿಸಿ. ಬೇರಿಂಗ್ ಸಡಿಲ ಇದ್ದಾಗ ತೆಗೆದ ಯಾವ ಅಳತೆಯನ್ನೂ ನಂಬುವ ಹಾಗಿಲ್ಲ.

ಈಗ ಅಳತೆಗೆ ಬರೋಣ. ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳಿ. ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ. ಆ ಹಲ್ಲನ್ನು ನಿಮ್ಮ ಕಡೆಗೆ, ಟೇಬಲ್ ಮಟ್ಟಕ್ಕೆ ತಂದು, ಅದಕ್ಕೂ ಗೈಡ್‌ಗೂ ಎಷ್ಟು ದೂರ ಅಂತ ಅಳೆಯಿರಿ. ಆಮೇಲೆ ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು, ಅಲ್ಲೂ ಅಳೆಯಿರಿ.

ಅದೇ ಹಲ್ಲು. ಇದನ್ನು ಎಷ್ಟು ಸಲ ಹೇಳಿದರೂ ಮುಂದೆ ಒಂದು ಹಲ್ಲು, ಹಿಂದೆ ಇನ್ನೊಂದು ಹಲ್ಲು ಅಳೆದು ಬರುತ್ತಾರೆ. ಹಳೇ ಮಷಿನ್‌ನ ಬ್ಲೇಡನ್ನು ಅದುಮಿ ಹಿಡಿಯುವ ಫ್ಲೇಂಜ್‌ನಲ್ಲಿ ತುಕ್ಕೋ ಮರದ ಪುಡಿಯೋ ಕೂತಿರುತ್ತದೆ, ಬ್ಲೇಡು ಸ್ವಲ್ಪ ವಾಲಾಡುತ್ತದೆ, ಅದರ ಮೇಲೆ ಎಷ್ಟೋ ಬ್ಲೇಡುಗಳಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಇಳಿಜಾರಾಗಿರುತ್ತದೆ. ಬೇರೆ ಬೇರೆ ಹಲ್ಲು ಅಳೆದರೆ ಈ ವ್ಯತ್ಯಾಸವೆಲ್ಲ ಅಳತೆಯಲ್ಲಿ ಸೇರಿಬಿಡುತ್ತದೆ. ಒಂದೇ ಹಲ್ಲಾದರೆ ವಾಲಾಟ ಎರಡೂ ಕಡೆ ಅಷ್ಟೇ ಇರುತ್ತದೆ, ಹಾಗಾಗಿ ಉಳಿಯುವ ವ್ಯತ್ಯಾಸ ಶಾಫ್ಟ್ ಮತ್ತು ಗೈಡ್‌ನದ್ದು ಮಾತ್ರ.

ಎರಡೂ ಅಳತೆ ಒಂದೇ ಬರಬೇಕು. ಹಿಂದೆ 0.1 ಮಿ.ಮೀ.ನಷ್ಟು ಜಾಸ್ತಿ ಇದ್ದರೆ ನಡೆಯುತ್ತದೆ. ಕಡಿಮೆ ಇರಲೇಬಾರದು. ಬ್ಲೇಡಿನ ಹಿಂದಿನ ಹಲ್ಲುಗಳು ಕೆಳಗಿಂದ ಮೇಲಕ್ಕೆ ಏಳುತ್ತವೆ, ಅಲ್ವಾ? ಅಲ್ಲಿ ಜಾಗ ಕಿರಿದಾದರೆ ಕಟ್ಟಿಗೆ ಸಿಕ್ಕಿಕೊಂಡು ಮೊದಲು ಸುಡುತ್ತದೆ, ಆಮೇಲೆ ಮೇಲೆದ್ದು ನಿಮ್ಮ ಕಡೆಗೇ ಒದೆಯುತ್ತದೆ. 12 ಇಂಚಿನ ಬ್ಲೇಡು ನಿಮಿಷಕ್ಕೆ 2850 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ 160 ಕಿ.ಮೀ. ದಾಟುತ್ತದೆ.

ಕುಷ್ಟಗಿ ಕಡೆಯ ಒಬ್ಬ ಹುಡುಗ, ತುಂಬ ಚುರುಕು, ಬಾಗಿಲ ಚೌಕಟ್ಟು ಮಾಡಲು ಬೇವಿನ ಹಲಗೆ ಸೀಳುವಾಗ ಅದು ಹಾರಿ ಹಿಂದಿನ ಶಟರ್‌ಗೆ ಬಡಿಯಿತು. ಪಕ್ಕಕ್ಕೆ ನಿಂತಿದ್ದ, ಬಚಾವಾದ. ಶಟರ್ ನೆಗ್ಗಿದ್ದನ್ನು ನನಗೆ ತೋರಿಸಿ ಅವನು ಕೇಳಿದ್ದು, "ಅಣ್ಣಾ, ಯಾವ ಕಂಪನಿ ಬ್ಲೇಡ್ ತಗೊಳ್ಳಲಿ?" ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಅಳೆದರೆ ಹಿಂದೆ ಒಂದೂವರೆ ಮಿ.ಮೀ. ಕಡಿಮೆ. ಅದನ್ನು ಸರಿ ಮಾಡಿದ ಮೇಲೆ ಹಳೇ ಬ್ಲೇಡಿನಲ್ಲೇ ಕೆಲಸ ಆಯಿತು.

ನಮ್ಮ ಕಡೆಯ ಆ್ಯಂಗಲ್ ಫ್ರೇಮಿನ ಮಷಿನ್‌ಗಳಲ್ಲಿ ಶಾಫ್ಟು ಎರಡು ಬೇರಿಂಗ್ ಬ್ಲಾಕ್‌ಗಳ ಮೇಲೆ ಕೂತಿರುತ್ತದೆ. ಒಂದು ಬ್ಲಾಕಿನ ಬೋಲ್ಟ್ ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಸಿ. ಬೋಲ್ಟಿನ ತೂತು ಬಿಗಿ ಇದ್ದರೆ ಅರದಿಂದ ಉದ್ದಕ್ಕೆ ಉಜ್ಜಿ. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಿರಿ, ಯಾಕೆಂದರೆ ಬೋಲ್ಟ್ ಬಿಗಿಯುವಾಗಲೇ ಬ್ಲಾಕ್ ಸರಿಯುತ್ತದೆ. ಬೆಲ್ಟ್ ಓಡುವ ಪುಲ್ಲಿ ಸಾಲು ತಪ್ಪಿದೆಯಾ ಅಂತಲೂ ನೋಡಿ. ಟೇಬಲ್‌ನಲ್ಲಿ ಉದ್ದಕ್ಕೆ ಕೊರೆದ ಗಾಡಿ (ಸೀಳು) ಇದ್ದರೆ ಮೊದಲು ಬ್ಲೇಡನ್ನು ಆ ಗಾಡಿಗೆ ಸರಿ ಮಾಡಿ, ಗೈಡ್ ಆಮೇಲೆ.

ಇಷ್ಟು ಮಾಡಿದರೆ ಒದೆಯುವುದೇ ಇಲ್ಲ ಅಂತ ನಾನು ಹೇಳಲಾರೆ. ಸರಿಯಾಗಿ ಒಣಗದ ಬೇವು, ಜಾಲಿ ಸೀಳಿದ ಮೇಲೆ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯುತ್ತವೆ. ಅದಕ್ಕೇ ಬ್ಲೇಡಿನ ಬೆನ್ನಿಗೆ ಒಂದು ಉಕ್ಕಿನ ಪಟ್ಟಿ ಬೇಕು. ಬ್ಲೇಡಿನ ತಗಡಿಗಿಂತ ದಪ್ಪ, ಕೊಯ್ತಕ್ಕಿಂತ (ಹಲ್ಲು ಕೊಯ್ಯುವ ಸೀಳಿನ ಅಗಲಕ್ಕಿಂತ) ತೆಳು. ತಗಡು 2.2, ಕೊಯ್ತ 3.2 ಮಿ.ಮೀ. ಇದ್ದರೆ 2.5ರ ಪಟ್ಟಿ ಸರಿಹೋಗುತ್ತದೆ, ಆದರೆ ನಿಮ್ಮ ಬ್ಲೇಡಿನ ಮೇಲೆ ಬರೆದದ್ದನ್ನು ನೋಡಿಯೇ ಮಾಡಿಸಿ. ಹಳೇ ಮಷಿನ್‌ಗಳಲ್ಲಿ ಇದನ್ನು ಯಾರೋ ಅಡ್ಡ ಬರುತ್ತದೆ ಅಂತ ಕಿತ್ತಿರುತ್ತಾರೆ.

ಸಾದಾ ಸ್ವಿಚ್ ಇದ್ದರೆ ತೆಗೆದು ಸ್ಟಾರ್ಟರ್ (ಕರೆಂಟ್ ಹೋದರೆ ಆಫ್ ಆಗಿ, ಬಟನ್ ಒತ್ತುವವರೆಗೂ ಆನ್ ಆಗದ ಸ್ವಿಚ್) ಹಾಕಿಸಿ. ಕರೆಂಟ್ ಹೋಗಿ ಬಂದಾಗ ಬ್ಲೇಡು ತಾನಾಗಿಯೇ ತಿರುಗಬಾರದು, ಆಗ ನಿಮ್ಮ ಕೈ ಎಲ್ಲಿರುತ್ತದೋ ಹೇಳಲು ಬರುವುದಿಲ್ಲ.

ಇಷ್ಟಾದ ಮೇಲೂ ಕಟ್ಟಿಗೆ ಸುಟ್ಟರೆ ಬನ್ನಿ, ಬ್ಲೇಡಿನ ಮಾತು ಆಗ ಆಡೋಣ. ಬರುವಾಗ ಮುಂದಿನದು, ಹಿಂದಿನದು ಎರಡೂ ಅಳತೆ ಬರೆದು ತನ್ನಿ.